ಎರಡು ಹೆಸರಿಗೆ ಒಂದೇ ಸಾಲು

“ನಮ್ಮಮ್ಮನ್ ಹತ್ರ ಯಾಕ್ರೀ ಹೋದ್ರಿ? ಏನಿದ್ರೂ ನನ್ನನ್ನ ಕೇಳ್ಬೇಕಿತ್ತು!”

ಬಸವರಾಜ್ ಎದ್ದ ರಭಸಕ್ಕೆ ಅವನ ಚಕ್ರದ ಕುರ್ಚಿ ಹಿಂದಕ್ಕೆ ಓಡಿ ಗೋಡೆಗೆ ಬಡಿಯಿತು. ಇನ್‌ಸ್ಪೆಕ್ಟರ್ ಓಬಳಮ್ಮ ಕುಳಿತಲ್ಲಿಂದ ಮಿಸುಕಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಅಂಗೈಯಗಲದ ಹಾರ್ಡ್‌ಡಿಸ್ಕ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಮೂರು ಬೆರಳಿನಲ್ಲಿ ಎಳೆದ ವಿಭೂತಿ, ನಡುವೆ ಒಣಗಿದ ಕುಂಕುಮದ ಬೊಟ್ಟು.

“ನಿಮ್ಮಮ್ಮನೇ ಕೈಯಾರೆ ಕೊಟ್ಟಿದ್ದು. ಮಹಜರಿಗೆ ಸೈನೂ ಹಾಕವ್ರೆ. ಪುಣ್ಯಾತ್ಗಿತ್ತಿ ಕಾಫಿ ಬೇರೆ ಕುಡಿಸಿ ಕಳಿಸಿದ್ರು. ಮಗನ ಆಫೀಸಲ್ಲಿ ತಿಂಗಳಿಂದ ಓಡಾಡ್ತಿದೀನಿ, ಒಂದ್ ಲೋಟ ನೀರೂ ಹುಟ್ಟಿಲ್ಲ.”

ಬಸವರಾಜನ ಕಣ್ಣು ಡಿಸ್ಕಿನ ಮೇಲೆ ನೆಟ್ಟಿತು. ಅದರತ್ತ ಚಾಚಿದ ಕೈಯನ್ನು ಅವನು ಹಿಂದಕ್ಕೆಳೆದುಕೊಂಡದ್ದನ್ನು ಓಬಳಮ್ಮ ಗಮನಿಸಿದಳು.

ಗುಬ್ಬಿಯ ಮಹಾದೇವಯ್ಯ ಮೇಷ್ಟ್ರು ಹೃದಯದ ಆಪರೇಷನ್ ಆದಂದಿನಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದವರು. ರಕ್ತ ಈಗಾಗಲೇ ಅತಿಯಾಗಿ ತೆಳುವಾಗಿದೆ ಎಂದಿದ್ದ ಲ್ಯಾಬ್ ರಿಪೋರ್ಟನ್ನು ಆಯುಧಪೂಜೆಯ ಬೆಳಿಗ್ಗೆ ಯಾರೋ ಕಂಪ್ಯೂಟರಿನಲ್ಲಿ ಉಲ್ಟಾ ಮಾಡಿದ್ದರು. ಅದನ್ನು ನಂಬಿ ಡಾಕ್ಟರು ಮಾತ್ರೆ ಹೆಚ್ಚಿಸಿದರು. ಮೇಷ್ಟ್ರು ಮಿದುಳಿನಲ್ಲಿ ರಕ್ತ ಸೋರಿ ತೀರಿಕೊಂಡರು.

ರಿಪೋರ್ಟ್ ತಿದ್ದಿದ ಲಾಗಿನ್ ಅರ್ಜೂಳದು. ಲ್ಯಾಬಿನ ಗುಬ್ಬಿ ಶಾಖೆಯ ಟೆಕ್ನಿಷಿಯನ್. ಆ ಬೆಳಿಗ್ಗೆ ಶಾಖೆಯಲ್ಲಿ ಇದ್ದವಳು ಅವಳೊಬ್ಬಳೇ.

ಈಗ ಜಾಮೀನಿನ ಮೇಲೆ ಹೊರಗಿರುವ ಅರ್ಜೂ ಇದೇ ಕೋಣೆಯ ಮೂಲೆಯಲ್ಲಿ, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಓಬಳಮ್ಮನ ಮುಖವನ್ನು ಅವಳು ನೋಡುತ್ತಿರಲಿಲ್ಲ. ಮನೆ ಬಾಗಿಲಿಗೆ ಜೀಪು ತಂದು ಬೀದಿಯ ಜನರೆಲ್ಲ ನೋಡುವಂತೆ ಕರೆದೊಯ್ದವಳ ಮುಖ ಅವಳಿಗೇಕೆ ಬೇಕು? ಕುಣಿಗಲ್ ಶಾಖೆ ನೋಡಿಕೊಳ್ಳುವ ಅವಳ ಅಣ್ಣ ಅಶ್ಫಾಕ್ ಬೈಕಿನಲ್ಲಿ ಕರೆತಂದು ಬಿಟ್ಟು, ಕೆಳಗೆ ಶಿರಾ ಗೇಟಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದ.

ನಾಳೆ ಕೋರ್ಟಿಗೆ ಚಾರ್ಜ್‌ಶೀಟ್ ಹೋಗಬೇಕು. ಮೇಲಿನವರು ಅದನ್ನು ಆಗಲೇ ಬರೆಸಿಟ್ಟಿದ್ದರು. ಆರೋಪಿಯ ಜಾಗದಲ್ಲಿ ಒಂದೇ ಹೆಸರು, ಅರ್ಜೂ. ಇವತ್ತು ಸಂಜೆಯೊಳಗೆ ಓಬಳಮ್ಮ ಬೇರೆ ಏನಾದರೂ ತಂದಿಡದಿದ್ದರೆ ಆ ಹುಡುಗಿಯ ಬದುಕು ಅಲ್ಲಿಗೆ ಮುಗಿಯಿತು.

“ಯಲ್ಲಯ್ಯ, ವಿಡಿಯೋ ಆನ್ ಮಾಡಪ್ಪ,” ಎಂದಳು. ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಫೋನ್ ಎತ್ತಿ ಹಿಡಿದ.

“ಬಸವರಾಜ್, ಲ್ಯಾಬಿಗೆ ಸಾಫ್ಟ್‌ವೇರ್ ಮಾಡ್ಕೊಟ್ಟಿರೋರು ನೀವು. ನಂಗೆ ಹೇಳ್ಕೊಟ್ಟ ಪಾಠಾನ ಇನ್ನೊಂದ್ಸಲ ಹೇಳಿ. ನಾನು ದಡ್ಡಿ, ಮರ್ತೋಗುತ್ತೆ.”

ಬಸವರಾಜ್ ಕುರ್ಚಿ ಎಳೆದುಕೊಂಡು ಕುಳಿತ. ಪಾಠ ಹೇಳುವುದೆಂದರೆ ಅವನಿಗೆ ಪ್ರಾಣ. ಹೆದರಿಕೆಯಲ್ಲೂ ಆ ಚಪಲ ಬಿಡಲಿಲ್ಲ.

“ಎಷ್ಟ್ ಸಲ ಹೇಳೋದು ಮೇಡಂ? ಯಾರ ಪಾಸ್‌ವರ್ಡನ್ನೂ ಡೇಟಾಬೇಸಲ್ಲಿ ಹಂಗೇ ಇಡಲ್ಲ. ಗಿರಣಿಗೆ ರಾಗಿ ಹಾಕಿದಂಗೆ. ಒಳಗಡೆ ಹೋಗೋದು ರಾಗಿ, ಉಳ್ಕೊಳೋದು ಹಿಟ್ಟು. ಹಿಟ್ಟಿನಿಂದ ತಿರ್ಗ ರಾಗಿ ಮಾಡೋಕೆ ನಮ್ಮಪ್ಪನ ಕೈಲೂ ಆಗಲ್ಲ. ಲಾಗಿನ್ ಆಗುವಾಗ ನೀವು ಹೊಡೆದ ಪಾಸ್‌ವರ್ಡನ್ನ ಮತ್ತೆ ಬೀಸಿ, ಇಟ್ಟಿರೋ ಹಿಟ್ಟಿಗೆ ತಾಳೆ ನೋಡುತ್ತೆ. ಸರಿ ಇದ್ರೆ ಬಾಗ್ಲು ತೆಗೆಯುತ್ತೆ. ಅಷ್ಟೇ.”

“ಅಂದ್ರೆ ಅರ್ಜೂ ಪಾಸ್‌ವರ್ಡ್ ನಿಮ್ಗೂ ಗೊತ್ತಾಗಲ್ಲ.”

“ದೇವ್ರಾಣೆಗೂ ಗೊತ್ತಾಗಲ್ಲ. ಅದಕ್ಕೇ ಹೇಳ್ತಿರೋದು, ಅವ್ಳ ಹೆಸ್ರಲ್ಲಿ ಒಳಗೆ ಹೋಗಿದ್ದು ಅವ್ಳೇ.”

“ಎಲ್ಲಿಂದ ಹೋದ್ರು ಅಂತ ಗೊತ್ತಾಗಲ್ವಾ? ಗುಬ್ಬಿಯಿಂದಾನಾ, ಕುಣಿಗಲ್‌ನಿಂದಾನಾ?”

“ಮೂರು ಶಾಖೇದೂ ಒಂದೇ ದಾರೀಲಿ ಬರುತ್ತೆ. ಲಾಗಿನ್ ಹೆಸರು ಮಾತ್ರ ದಾಖಲಾಗುತ್ತೆ.”

“ಇಬ್ರು ಅಕಸ್ಮಾತ್ ಒಂದೇ ಪಾಸ್‌ವರ್ಡ್ ಇಟ್ಕೊಂಡ್ರೆ?”

ಬಸವರಾಜನ ತುಟಿಯಲ್ಲಿ ತಾತ್ಸಾರದ ನಗೆ ಮೂಡಿತು. “ಅದನ್ನೂ ಹೇಳಿದ್ನಲ್ಲ. ಒಬ್ಬೊಬ್ಬರ ಪಾಸ್‌ವರ್ಡ್ ಬೀಸುವಾಗಲೂ ಕಂಪ್ಯೂಟರ್ ತಾನೇ ಒಂದೊಂದು ಹೊಸ ಚೂರು ಸೇರಿಸುತ್ತೆ. ಸಾಲ್ಟ್ ಅಂತೀವಿ. ಸಾವಿರ ಜನ ಒಂದೇ ಪಾಸ್‌ವರ್ಡ್ ಇಟ್ರೂ ಸಾವಿರ ಥರ ಹಿಟ್ಟು ಬರುತ್ತೆ. ಡೇಟಾಬೇಸಲ್ಲಿ ಆ ಹಿಟ್ಟು ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಉದ್ದನೆ ಸಾಲಾಗಿ ಕೂರುತ್ತೆ, ಎರಡು ಸಾಲು ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ. ಸಣ್ಣ ಊರಿನ ಕೆಲಸ ಅನ್ಕೋಬೇಡಿ ಮೇಡಂ, ಬ್ಯಾಂಕಿನವ್ರು ಮಾಡ್ದಂಗೆ ಮಾಡಿದೀನಿ.”

“ಆ ಸಾಲುಗಳನ್ನ ಮುಟ್ಟೋ ಅಧಿಕಾರ?”

“ನನಗೊಬ್ಬನಿಗೇ.”

“ಯಲ್ಲಯ್ಯ, ಸರಿಯಾಗಿ ಕೇಳುಸ್ತಾ?”

“ಕೇಳುಸ್ತು ಮೇಡಂ.”

ಓಬಳಮ್ಮ ಡಿಸ್ಕನ್ನು ಒಂದು ಬೆರಳಿನಿಂದ ಬಸವರಾಜನ ಕಡೆಗೆ ನೂಕಿದಳು.

“ಇನ್ನು ಇದರ ಕತೆ. ಹೋದ ವರ್ಷ ಆಯುಧಪೂಜೇಲಿ ನಿಮ್ಮಮ್ಮ ಅರಿಶಿನದ ನೀರು ಚಿಮುಕಿಸಿ ಸರ್ವರ್ ಸುಟ್ಟೋಯ್ತು. ಅವತ್ತಿಂದ ನೀವೇ ಒಂದು ಕಾನೂನು ಮಾಡಿದ್ರಿ. ಪೂಜೆಗೆ ಮುಂಚೆ ಎಲ್ಲಾನೂ ಒಂದು ಡಿಸ್ಕಿಗೆ ಕಾಪಿ ಮಾಡ್ಬೇಕು, ಆಮೇಲೆ ಮಿಷನ್ ಆಫ್ ಮಾಡ್ಬೇಕು. ಡಿಸ್ಕಿಗೂ ಪೂಜೆ ಮಾಡಿ ನಿಮ್ಮಮ್ಮ ಶೆಟ್ಟಿಹಳ್ಳಿ ಮನೆ ದೇವರಗೂಡಲ್ಲಿ ಇಟ್ಕೋತಾರೆ. ಹೌದಾ?”

ಬಸವರಾಜ್ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡ.

“ಈ ಸಲ ನೀವು ಇನ್ನೂ ಕಂಪ್ಯೂಟರ್ ಮುಂದೆ ಕೂತಿದ್ರಿ. ನಿಮ್ಮಮ್ಮ ಕುಂಬಳಕಾಯಿ ಹಿಡ್ಕೊಂಡು ಬಾಗ್ಲಲ್ಲಿ ನಿಂತ್ರು. ‘ರಾಹುಕಾಲ ಬಂದ್ಬುಡ್ತದೆ, ಕಾಪಿ ಮಾಡಿ ಆಫ್ ಮಾಡು ಕಣ್ಲಾ ಅಂತ ನಾನೇ ಗದರ್ದೆ ಕಣವ್ವ’ ಅಂದ್ರು. ತಾಯಿ ಗದರಿದ್ರೆ ಕೈ ತಾನೇ ಓಡುತ್ತೆ. ಕಾಪಿ ಮಾಡಿದ್ರಿ, ಆಫ್ ಮಾಡಿದ್ರಿ.”

“ಪೂಜೆ ಮಾಡೋದೂ ಅಪರಾಧಾನಾ ಮೇಡಂ?”

“ಪೂಜೆ ಅಲ್ಲ. ಮಾರನೇ ದಿನ ಬೆಳ್ಳಂಬೆಳಿಗ್ಗೆ ಮನೆಗೋಗಿ ಡಿಸ್ಕ್ ವಾಪಸ್ ಕೊಡು ಅಂತ ನಿಮ್ಮಮ್ಮನ ಮುಂದೆ ಕೂತ್ರಲ್ಲ, ಅದು. ಪೂಜೆ ಮಾಡಿಟ್ಟ ವಸ್ತುವನ್ನ ವರ್ಷ ತುಂಬೋಗಂಟ ಅಲ್ಲಾಡಿಸಬಾರದು ಅಂತ ಆಯಮ್ಮ ಹಟ ಹಿಡಿದ್ರಂತೆ. ನೀವು ತಟ್ಟೆ ತಳ್ಳಿ ಊಟ ಬಿಟ್ಟು ಎದ್ದೋದ್ರಂತೆ. ಪಾಪ, ಅದನ್ನ ಹೇಳ್ತಾ ಅವ್ರು ಕಣ್ಣಲ್ಲಿ ನೀರು ಹಾಕೊಂಡ್ರು.”

ಬಸವರಾಜನ ಕಿವಿ ಕೆಂಪಗಾಯಿತು. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರನ್ ಬಾರಿಸುತ್ತ ಹೋಯಿತು.

ಓಬಳಮ್ಮನ ಒಳಗೆ ಸಂತೋಷ ಉಕ್ಕುತ್ತಿತ್ತು. ಈ ಮನುಷ್ಯನ ಮೇಲೆ ಅವಳಿಗೆ ಮೊದಲ ದಿನದಿಂದಲೂ ಅನುಮಾನ. ಮಾರ್ಕೋನಹಳ್ಳಿ ಅಣೆಕಟ್ಟೆಯ ಕೆಳಗಿನ ಜಮೀನಿನ ತಕರಾರಿನಲ್ಲಿ ಮಹಾದೇವಯ್ಯ ಮೇಷ್ಟ್ರು ಕುಣಿಗಲ್ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಿತ್ತು. ಆ ಸಾಕ್ಷಿಯಿಂದ ಸೋಲಬೇಕಿದ್ದ ಎದುರು ಪಾರ್ಟಿ ಅಡವಿಯಪ್ಪ, ಇದೇ ಬಸವರಾಜನ ಸೋದರಮಾವ. ಇಷ್ಟು ಗೊತ್ತಿದ್ದೂ ಕೈಗೆ ಪುರಾವೆ ಸಿಗದೆ ಅವಳು ತಿಂಗಳಿಡೀ ಹಲ್ಲು ಕಚ್ಚಿಕೊಂಡಿದ್ದಳು.

ತಾನು ತಂದಿದ್ದ ಲ್ಯಾಪ್‌ಟಾಪ್ ತೆರೆದಳು. ಡಿಸ್ಕಿನಲ್ಲಿದ್ದುದನ್ನೆಲ್ಲ ಇಲಾಖೆಯ ತಜ್ಞರು ಮಧ್ಯಾಹ್ನವಷ್ಟೇ ಅದಕ್ಕೆ ಹಾಕಿಕೊಟ್ಟಿದ್ದರು. ಆಯುಧಪೂಜೆಯ ಬೆಳಿಗ್ಗೆ ಲ್ಯಾಬಿನ ಡೇಟಾಬೇಸ್ ಹೇಗಿತ್ತೋ ಹಾಗೇ ಅಲ್ಲಿತ್ತು.

“ಅರ್ಜೂ, ಬಾಮ್ಮ ಇಲ್ಲಿ. ನಿನ್ನ ಪಾಸ್‌ವರ್ಡ್ ಹೊಡಿ.”

ಅರ್ಜೂ ಎದ್ದಳು. “ಮತ್ತೆ ಇನ್ನೇನ್ ನಾಟಕ ಮೇಡಂ ಇದು? ಜೈಲು ತೋರ್ಸಿದ್ದು ಸಾಲ್ಲಿಲ್ವಾ?”

“ನಾಟಕ ಅಂತಾನೇ ಅನ್ಕೋ. ಹೊಡಿ.”

ಅರ್ಜೂ ಎಲ್ಲರಿಗೂ ಬೆನ್ನು ತೋರಿಸಿ ನಿಂತು ಹೊಡೆದಳು. ಪರದೆಯ ಮೇಲೆ ಕೆಂಪಕ್ಷರ ಬಂತು. ಪಾಸ್‌ವರ್ಡ್ ತಪ್ಪು.

ಅವಳು ಹುಬ್ಬು ಗಂಟಿಕ್ಕಿ, ಒಂದೊಂದೇ ಕೀಲಿ ಒತ್ತಿ ಮತ್ತೆ ಹೊಡೆದಳು. ಮತ್ತೆ ತಪ್ಪು.

“ಇಲ್ಲ… ಇದೇ ನನ್ ಪಾಸ್‌ವರ್ಡ್. ಕೆಲ್ಸಕ್ಕೆ ಸೇರಿದಾಗಿಂದ ಇದೇ.”

“ಗೊತ್ತು. ಹೋದ ವಾರ ನಾನು ಲ್ಯಾಬಿನ ಈಗಿನ ಡೇಟಾಬೇಸಲ್ಲಿ ಹೊಡೆಸಿದಾಗ ಇದೇ ಪಾಸ್‌ವರ್ಡಿಗೆ ಬಾಗ್ಲು ತೆಗೀತು. ಆಯುಧಪೂಜೆ ದಿನ ಮಾತ್ರ ತೆಗೀತಿರಲಿಲ್ಲ. ಅವತ್ತು ಬೆಳಿಗ್ಗೆ ನಿನ್ನ ಮನೆಗೆ ಯಾರೋ ಬೇರೆ ಬೀಗ ಹಾಕಿದ್ರು.”

ಅರ್ಜೂ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಇನ್ನೂ ದ್ವೇಷವಿತ್ತು, ಜೊತೆಗೆ ಒಂದಿಷ್ಟು ಆಸೆಯೂ ಇತ್ತು.

“ಅವ್ಳೇ ಚೇಂಜ್ ಮಾಡ್ಕೊಂಡಿರ್ಬೋದು!” ಬಸವರಾಜ್ ಕೂಗಿದ. “ಬೇಕಂತಲೇ ಮಾಡಿ, ಆಮೇಲೆ ಹಳೇದೇ ಇಟ್ಕೊಂಡಿರ್ತಾಳೆ. ಇಂಥವ್ರನ್ನ ನಂಬ್ಕೊಂಡು ನನ್ನಂಥ ಮರ್ಯಾದಸ್ಥನ ಮನೆಗೆ ಪೊಲೀಸ್ ನುಗ್ತಾರೆ!”

“ಇಂಥವ್ರು ಅಂದ್ರೆ?” ಓಬಳಮ್ಮನ ದನಿ ಚೂರಿಯಾಯಿತು. “ಮುಂದಕ್ಕೆ ಹೇಳಿ. ವಿಡಿಯೋ ಓಡ್ತಿದೆ.”

ಬಸವರಾಜ್ ಯಲ್ಲಯ್ಯನ ಕೈಯಲ್ಲಿದ್ದ ಫೋನಿನ ಕಡೆ ಕಣ್ಣು ಹೊರಳಿಸಿದ.

“ಅವ್ಳೇ ಚೇಂಜ್ ಮಾಡ್ಕೊಂಡಿದ್ರೆ ಹೊಸ ಸಾಲ್ಟ್ ಬೀಳ್ಬೇಕು. ಹೊಸ ಸಾಲು ಬರ್ಬೇಕು. ಬೇರೆ ಯಾರ ಸಾಲನ್ನೂ ಹೋಲಬಾರದು. ನಿಮ್ಮ ಪಾಠಾನೇ ಒಪ್ಪಿಸ್ತಿದೀನಿ. ತಪ್ಪಿದ್ರೆ ತಿದ್ದಿ.”

“…ತಪ್ಪಿಲ್ಲ.”

“ಒಂದ್ವೇಳೆ ಇನ್ನೊಬ್ಬರ ಸಾಲಿನ ಹಂಗೇ ಇತ್ತು ಅನ್ನಿ?”

ಬಸವರಾಜ್ ತೋಡಿದ ಹಳ್ಳ ಈಗ ಅವನಿಗೇ ಕಾಣಿಸಿತ್ತು.

“ನಾನೇ ಹೇಳ್ತೀನಿ ಬಿಡಿ. ಯಾರೋ ಆ ಇನ್ನೊಬ್ಬರ ಸಾಲನ್ನ ಎತ್ಕೊಂಡು ಬಂದು ಅರ್ಜೂ ಹೆಸರಿನ ಮುಂದೆ ಅಂಟಿಸಿದ್ದಾರೆ ಅಂತ. ಹಿಟ್ಟಿನಿಂದ ರಾಗಿ ಮಾಡೋಕಾಗಲ್ಲ, ಸರಿ. ಆದ್ರೆ ಇವ್ರ ಡಬ್ಬಿಗೆ ಅವ್ರ ಹಿಟ್ಟು ತುಂಬೋಕೆ ಏನ್ ಕಷ್ಟ? ಆಮೇಲೆ ಆ ಇನ್ನೊಬ್ಬರು ತಮ್ಮ ಪಾಸ್‌ವರ್ಡನ್ನೇ ಹೊಡೆದು ಅರ್ಜೂ ಹೆಸ್ರಲ್ಲಿ ಒಳಗೆ ಹೋಗ್ಬೋದು. ಕೆಲಸ ಮುಗಿಸಿ, ಹಳೇ ಸಾಲನ್ನ ವಾಪಸ್ ಅಂಟಿಸಿದ್ರೆ ಯಾವ ದೇವ್ರಿಗೂ ಗೊತ್ತಾಗಲ್ಲ. ಆದ್ರೆ ವಾಪಸ್ ಅಂಟಿಸೋಕೆ ಮುಂಚೆ ನಿಮ್ಮಮ್ಮ ಕುಂಬಳಕಾಯಿ ಹಿಡ್ಕೊಂಡು ಬಂದ್ಬಿಟ್ರು!”

ಅವಳು ಪರದೆಯ ಮೇಲೆ ಪಾಸ್‌ವರ್ಡುಗಳ ಪಟ್ಟಿ ತೆರೆದಳು. ಎಡಗಡೆ ಹೆಸರುಗಳು, ಬಲಗಡೆ ಅರ್ಥವಿಲ್ಲದ ಅಕ್ಷರ, ಅಂಕಿಗಳ ಉದ್ದುದ್ದ ಸಾಲುಗಳು. ಅರ್ಜೂಳ ಹೆಸರಿನ ಮುಂದಿದ್ದ ಸಾಲನ್ನು ಕಾಪಿ ಮಾಡಿ ಹುಡುಕುವ ಜಾಗಕ್ಕೆ ಹಾಕಿದಳು. ಎರಡನೆಯ ಹೆಸರು ಬಸವರಾಜನದೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನ ಮುಖ ಹೇಗೆ ಕಪ್ಪಿಡುತ್ತದೆ ನೋಡಬೇಕೆಂಬ ಆಸೆಯಿಂದ ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಆ ಆತುರವೇ ಅವಳಿಗೆ ಮುಳುವಾಯಿತು.

ಗುಂಡಿ ಒತ್ತಿದಳು. ಎರಡು ಸಾಲುಗಳು ಹಳದಿ ಬಣ್ಣಕ್ಕೆ ತಿರುಗಿದವು. ಮೊದಲಿನಿಂದ ಕೊನೆಯವರೆಗೆ ಒಂದಕ್ಷರವೂ ಬದಲಿಲ್ಲ.

ಅರ್ಜೂ, ಗುಬ್ಬಿ.

ಅಶ್ಫಾಕ್, ಕುಣಿಗಲ್.

ಓಬಳಮ್ಮ ಇನ್ನೊಂದು ಸಲ ಓದಿದಳು. ಪ್ರತಿದಿನ ತಂಗಿಯನ್ನು ಬೈಕಿನಲ್ಲಿ ವಿಚಾರಣೆಗೆ ಕರೆತರುತ್ತಿದ್ದ ಅಶ್ಫಾಕ್. ಸ್ಟೇಷನ್ ಮೆಟ್ಟಿಲ ಮೇಲೆ ಕುಳಿತು, ನನ್ನ ತಂಗಿ ಇರುವೆಗೂ ಕೆಟ್ಟದ್ದು ಬಯಸಿದವಳಲ್ಲ ಎಂದು ಅತ್ತಿದ್ದ ಅಶ್ಫಾಕ್. ಬಸವರಾಜ್ ಎಷ್ಟು ಸಾಲು ಅಂಟಿಸಿದರೇನು, ಆ ಬಾಗಿಲು ತೆಗೆಯಲು ಪಾಸ್‌ವರ್ಡ್ ಹೊಡೆಯಬೇಕಾದವನು ಅಶ್ಫಾಕೇ.

ಅವಳು ಪರದೆಯನ್ನು ಥಟ್ಟನೆ ಮಡಚಿದಳು. ತಡವಾಗಿತ್ತು. ಅರ್ಜೂ ಓದಿಯಾಗಿತ್ತು.

ಅವಳು ಮೇಜಿನ ಅಂಚು ಹಿಡಿದು ನಿಂತಳು. ಕೂಗಲಿಲ್ಲ, ಅಳಲಿಲ್ಲ. ಕೊನೆಗೆ ಬಾಯಿ ತೆರೆದಾಗ ಅವಳ ದನಿಯಲ್ಲಿ ನಡುಕವೇ ಇರಲಿಲ್ಲ.

“ಅದು ನಾನೇ ಮೇಡಂ.”

“ಏನು ನೀನೇ?”

“ಹಬ್ಬದ ದಿನ ಬೆಳಿಗ್ಗೆ ನನ್ ಪಾಸ್‌ವರ್ಡ್ ಮರ್ತೋಗಿತ್ತು. ಬಸವರಾಜ್ ಸರ್‌ಗೆ ಫೋನ್ ಮಾಡ್ದೆ. ಭಾಯ್ ಪಾಸ್‌ವರ್ಡ್ ನಂಗೊತ್ತು, ಸದ್ಯಕ್ಕೆ ಅವ್ರದ್ದೇ ನನ್ ಹೆಸ್ರಿಗೂ ಹಾಕ್ಕೊಡಿ ಅಂದೆ. ಸರ್ ಹಾಕ್ಕೊಟ್ರು. ಆಮೇಲೆ ನನ್ನದೇ ನೆನಪಿಗೆ ಬಂತು. ಹಳೇದೇ ಹಾಕ್ಬಿಡಿ ಅಂದೆ.”

“ಸುಳ್ಳು! ನಿನ್ನ ಮೊಬೈಲಿಂದ ಹೋದ ಒಂದೊಂದು ಕಾಲೂ ನಂಗೊತ್ತು.”

“ಲ್ಯಾಬ್ ಫೋನಿಂದ ಮಾಡ್ದೆ. ಈ ಆಫೀಸಿಗೆ ದಿನಾ ಮಾಡ್ತೀವಿ. ಬೇಕಾದ್ರೆ ನೋಡ್ಕೊಳಿ.”

ಓಬಳಮ್ಮನಿಗೆ ಮೈಯೆಲ್ಲ ಉರಿಯಿತು. “ಲೇ ಹುಡ್ಗಿ, ಏನ್ ಮಾತಾಡ್ತಿದೀಯ ಅಂತ ಪರಿಜ್ಞಾನ ಇದೆಯಾ ನಿಂಗೆ? ಈಗಷ್ಟೇ ನಿನ್ನನ್ನ ಬಿಡಿಸ್ಕೊಂಡು ಬಂದಿದೀನಿ ಕಣೇ!”

“ನಾನ್ ಕೇಳಿದ್ನಾ ಬಿಡ್ಸಿ ಅಂತ? ಮೇಷ್ಟ್ರ ರಿಪೋರ್ಟ್ ತಿದ್ದಿದ್ದು ನಾನು. ಬರ್ಕೊಳಿ.”

“ಯಾಕ್ ತಿದ್ದಿದೆ?”

ಅರ್ಜೂ ಒಂದು ಕ್ಷಣ ತಡವರಿಸಿದಳು. “ಅದನ್ನ ಜಡ್ಜ್‌ಗೆ ಹೇಳ್ತೀನಿ. ನಿಮ್ ಮುಂದೆ ಹೇಳಿದ್ದಕ್ಕೆ ಬೆಲೆ ಇಲ್ಲ ಅಂತ ನಂಗೂ ಗೊತ್ತು. ನಾಳೆ ಕೋರ್ಟಲ್ಲೇ ಹೇಳ್ತೀನಿ.”

ಇಷ್ಟು ಹೊತ್ತು ಬೆವರುತ್ತಿದ್ದ ಬಸವರಾಜ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ನಿಧಾನವಾಗಿ ಕುರ್ಚಿಗೆ ಒರಗಿದ. ಅವನ ಕಣ್ಣಿಗೆ ಜೀವ ಬಂದಿತ್ತು.

“ಹೌದು ಹೌದು. ಈಗ ನೆನಪಾಯ್ತು ಮೇಡಂ. ಫೋನ್ ಮಾಡಿದ್ಲು. ಹಬ್ಬದ ಗಡಿಬಿಡೀಲಿ ನಾನೇ ಮರ್ತುಬಿಟ್ಟಿದ್ದೆ. ಪಾಪ, ಕೆಲಸ ನಿಂತೋಗುತ್ತೆ ಅಂತ ಅಣ್ಣನ ಸಾಲು ಹಾಕ್ಕೊಟ್ಟೆ. ಒಳಗೆ ಹೋಗಿ ಇಂಥ ಕೆಲಸ ಮಾಡ್ತಾಳೆ ಅಂತ ನಂಗೇನ್ ಕನಸು ಬಿದ್ದಿತ್ತಾ?”

“ಬಾಯ್ಮುಚ್ಚು!”

“ನಾನ್ ಮುಚ್ತೀನಿ ಮೇಡಂ. ಅಲ್ಲಿ ವಿಡಿಯೋ ಓಡ್ತಾ ಇದೆಯಲ್ಲ, ಅದನ್ನ ಹೆಂಗ್ ಮುಚ್ತೀರಾ?”

ಯಲ್ಲಯ್ಯ ಫೋನ್ ಹಿಡಿದ ಕೈಯನ್ನು ಇಳಿಸಲೋ ಬೇಡವೋ ತಿಳಿಯದೆ ನಿಂತಿದ್ದ. ಓಬಳಮ್ಮ ಅವನ ಕಡೆ ನೋಡಲಿಲ್ಲ. ಎರಡು ನಿಮಿಷದ ಹಿಂದೆ ಬಸವರಾಜನ ಕೊರಳಿಗೆ ಬಿದ್ದಿದ್ದ ಕುಣಿಕೆಯನ್ನು ಈ ಹುಡುಗಿ ತಾನಾಗಿ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡಿದ್ದಳು. ತಪ್ಪಾದ ಪಾಸ್‌ವರ್ಡ್, ಎರಡು ಸಾಲು, ಮುಂಜಾನೆಯ ಅದಲುಬದಲು, ಎಲ್ಲವೂ ಅವಳ ಸುಳ್ಳಿನೊಳಗೆ ಅಚ್ಚುಕಟ್ಟಾಗಿ ಹೊಂದಿಕೊಂಡುಬಿಟ್ಟಿದ್ದವು. ಯಾವ ವಕೀಲ ಬರೆದುಕೊಟ್ಟರೂ ಇಷ್ಟು ಚೆನ್ನಾಗಿ ಹೊಂದುತ್ತಿರಲಿಲ್ಲ.

ಓಬಳಮ್ಮ ಅವಳ ಭುಜ ಹಿಡಿದಳು. “ಅರ್ಜೂ, ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ಉಗಿ ಬೇಕಾದ್ರೆ. ಆದ್ರೆ ಇದನ್ನ ಮಾತ್ರ ಮಾಡ್ಬೇಡ ಕಣಮ್ಮ. ಒಂದ್ಸಲ ಕೋರ್ಟಲ್ಲಿ ಹೇಳಿದ್ರೆ ನಾನು ಏನೂ ಮಾಡೋಕಾಗಲ್ಲ.”

ಅರ್ಜೂ ಆ ಕೈಯನ್ನು ಭುಜದಿಂದ ತೆಗೆದು ಪಕ್ಕಕ್ಕಿಟ್ಟಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಅಶ್ಫಾಕ್ ಬಾಗಿಲಲ್ಲಿ ಕಾಣಿಸಿಕೊಂಡ. ಯಲ್ಲಯ್ಯ ದಾರಿ ಬಿಡಲಿಲ್ಲ. ಅವನ ಹೆಗಲ ಮೇಲಿಂದಲೇ ಅಶ್ಫಾಕ್ ಒಳಗೆ ಇಣುಕಿದ.

“ಆಯ್ತಾ ಮೇಡಂ? ಕರ್ಕೊಂಡ್ ಹೋಗ್ಲಾ?”

ಅರ್ಜೂ ತಿರುಗಿ ಅಣ್ಣನನ್ನು ನೋಡಿದಳು.

“ನೀನ್ ಮನೆಗ್ ಹೋಗು ಭಾಯ್. ನಾನು ಒಪ್ಕೊಂಡ್ಬಿಟ್ಟೆ.”

ಬೆರಳಲ್ಲಿ ತಿರುಗುತ್ತಿದ್ದ ಕೀಲಿ ನಿಂತಿತು. ಓಬಳಮ್ಮ ಅಶ್ಫಾಕನ ತುಟಿಯನ್ನೇ ನೋಡುತ್ತ ನಿಂತಳು. ಅವನು ತಂಗಿಯನ್ನು ನೋಡಿದ, ಮಡಚಿದ ಲ್ಯಾಪ್‌ಟಾಪ್ ನೋಡಿದ, ಬಸವರಾಜನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

ಏನನ್ನು ಒಪ್ಪಿಕೊಂಡೆ ಎಂದು ಅವನು ಕೇಳಲಿಲ್ಲ.